ಡೇಟಾಬೇಸ್ ಡ್ರೈವರ್ ಸಿಗಲಿಲ್ಲ ಎಂಬ ದೋಷವನ್ನು ಸರಿಪಡಿಸುವ ಬಗೆ

ಪೆಂಟಾಹೊ ಡೇಟಾ ಇಂಟಿಗ್ರೇಷನ್‌ನಂತಹ ದತ್ತಾಂಶ ಸಾಗಿಸುವ ಸಾಧನದಲ್ಲಿ ಡೇಟಾಬೇಸ್‌ಗೆ ಹೊಸ ಸಂಪರ್ಕವನ್ನು ಪರೀಕ್ಷಿಸುವಾಗ ಡ್ರೈವರ್ ಕ್ಲಾಸ್ (ಡೇಟಾಬೇಸ್ ಜೊತೆ ಸಂಪರ್ಕ ಕಲ್ಪಿಸುವ ಡ್ರೈವರ್ ತಂತ್ರಾಂಶದ ಮುಖ್ಯ ಭಾಗ) ಸಿಗಲಿಲ್ಲ ಎಂಬ ಸಂದೇಶ ಬಂದರೆ, ಪಾಸ್‌ವರ್ಡನ್ನಾಗಲಿ ಫೈರ್‌ವಾಲನ್ನಾಗಲಿ ಅನುಮಾನಿಸಬೇಡಿ. ಸಾಧನವು ಸರ್ವರ್‌ನ ಬಾಗಿಲನ್ನು ಇನ್ನೂ ತಟ್ಟಿಯೇ ಇಲ್ಲ. ಪರವಾನಗಿಯ ಕಾರಣದಿಂದ ಹಲವು ಡ್ರೈವರ್‌ಗಳು ಸಾಧನದ ಜೊತೆಯಲ್ಲಿ ಬರುವುದಿಲ್ಲವಾದ್ದರಿಂದ ಅವುಗಳನ್ನು ನಾವೇ ತಂದು ಸೇರಿಸಬೇಕಾಗುತ್ತದೆ.

ಮೊದಲು ದೋಷ ಸಂದೇಶವನ್ನು ಕೊನೆಯವರೆಗೂ ಓದಿ, ಅದರಲ್ಲಿರುವ ಕ್ಲಾಸ್‌ನ ಹೆಸರನ್ನು ಅಕ್ಷರಶಃ ಬರೆದುಕೊಳ್ಳಿ. ಡೇಟಾಬೇಸ್ ತಯಾರಕರ ಅಧಿಕೃತ ಜಾಲತಾಣದಿಂದ ಡ್ರೈವರನ್ನು ಇಳಿಸಿಕೊಂಡು, ಜಿಪ್ ಕಡತವಾಗಿದ್ದರೆ ಬಿಚ್ಚಿ, ಒಳಗಿನ ಜಾರ್ ಕಡತವನ್ನು (ಜಾವಾ ಕೋಡ್‌ನ ಕಟ್ಟು) ಸಾಧನದ ‘ಲಿಬ್’ ಫೋಲ್ಡರ್‌ನಲ್ಲಿಡಿ. ಜಾರ್ ಕಡತಗಳನ್ನು ಸಾಧನವು ಆರಂಭವಾಗುವಾಗ ಮಾತ್ರ ಗುರುತಿಸುವುದರಿಂದ, ಅದನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಲೇಬೇಕು. ಕೆಲಸವು ಬೇರೊಂದು ಸರ್ವರ್‌ನಲ್ಲಿ ಓಡುವುದಾದರೆ ಅಲ್ಲಿಯೂ ಇದೇ ಕಡತ ಇರಬೇಕು. ನನ್ನ ಅನುಭವದಲ್ಲಿ ಅತಿ ಹೆಚ್ಚು ಮರೆತುಹೋಗುವ ಹೆಜ್ಜೆ ಇದೇ.

ಕಡತವಿದ್ದೂ ದೋಷ ಮುಂದುವರಿದರೆ ಕ್ಲಾಸ್‌ನ ಹೆಸರಿನ ಕಡೆ ಗಮನ ಕೊಡಿ. ಮೈಎಸ್‌ಕ್ಯೂಎಲ್ ಡ್ರೈವರ್‌ನ 5.1 ಆವೃತ್ತಿಯಲ್ಲಿ ‘ಕಾಮ್.ಮೈಎಸ್‌ಕ್ಯೂಎಲ್.ಜೆಡಿಬಿಸಿ.ಡ್ರೈವರ್’ ಎಂದಿದ್ದ ಕ್ಲಾಸ್, 8.0ರಲ್ಲಿ ನಡುವೆ ‘ಸಿಜೆ’ ಸೇರಿಸಿಕೊಂಡು ‘ಕಾಮ್.ಮೈಎಸ್‌ಕ್ಯೂಎಲ್.ಸಿಜೆ.ಜೆಡಿಬಿಸಿ.ಡ್ರೈವರ್’ ಆಗಿದೆ. ಒಂದೇ ಡ್ರೈವರ್‌ನ ಎರಡು ಆವೃತ್ತಿಗಳು ಒಟ್ಟಿಗಿದ್ದರೆ ಯಾವುದು ಬಳಕೆಯಾಗುತ್ತದೆಂದು ಹೇಳಲಾಗದು. ಹಳೆಯದನ್ನು ಬೇರೆಡೆಗೆ ಸರಿಸಿ. ಸಂದೇಶದಲ್ಲಿ ಕ್ಲಾಸ್ ಆವೃತ್ತಿ 55.0 ಎಂದು ಕಂಡರೆ, ಆ ಡ್ರೈವರ್‌ಗೆ ಕನಿಷ್ಠ ಜಾವಾ 11 ಬೇಕೆಂದು ಅರ್ಥ.

ಓಡಿಬಿಸಿ (ಡೇಟಾಬೇಸ್ ಸಂಪರ್ಕದ ಇನ್ನೊಂದು ವಿಧಾನ) ಬಳಸುವ ಸಾಧನಗಳಲ್ಲಿ ಬಿಟ್‌ಗಳ ಹೊಂದಾಣಿಕೆಯೇ ಮುಖ್ಯ: 32 ಬಿಟ್‌ನ ಸಾಧನಕ್ಕೆ 64 ಬಿಟ್‌ನ ಡ್ರೈವರ್ ಕಾಣಿಸುವುದೇ ಇಲ್ಲ.