ಜೀಬ್ರಾ ಮೀನಿನ ಭ್ರೂಣದಲ್ಲಿ ರಕ್ತನಾಳ ಚಿಗುರುವುದು: ನನ್ನ ಅನುಭವ

ರಕ್ತನಾಳ ಎತ್ತ ಬೆಳೆಯಬೇಕು ಅಂತ ಹೇಳುವುದು ಸಿಗ್ನಲ್ ಅಣುಗಳು. ಓದಿ ಗೊತ್ತಿತ್ತು. ಆದರೆ ಆ ಸಿಗ್ನಲ್ ಯಾವ ಹೊತ್ತಿಗೆ ಸಿಗುತ್ತದೆ ಅನ್ನುವುದೇ ಮುಖ್ಯ ಅಂತ ಮನಸ್ಸಿಗೆ ನಾಟಿದ್ದು ಜೀಬ್ರಾ ಮೀನಿನ ಜೊತೆ ಕೆಲಸ ಮಾಡಿದ ಮೇಲೆ.

ಈ ಮೀನೇ ಯಾಕೆ? ಭ್ರೂಣದ ಒಳಗೆಲ್ಲ ಕಾಣುತ್ತದೆ, ಮೊಟ್ಟೆ ಫಲಿತವಾಗಿ 24 ಗಂಟೆಯ ಹೊತ್ತಿಗೆ ಹೃದಯ ಬಡಿಯುತ್ತಿರುತ್ತದೆ. ರಕ್ತ ಹರಿಯದಿದ್ದರೂ ಕೆಲವು ದಿನ ಬದುಕುತ್ತದೆ, ಯಾಕಂದ್ರೆ ಆಮ್ಲಜನಕ ನೀರಿನಿಂದ ನೇರವಾಗಿ ಮೈಯೊಳಗೆ ಇಳಿಯುತ್ತದೆ. ಇಲಿಯಲ್ಲಿ ಹಾಗಲ್ಲ. ರಕ್ತನಾಳ ಬೆಳೆಯಲು ಹೇಳುವ ಮುಖ್ಯ ಸಿಗ್ನಲ್ ಅಣು ವಿಇಜಿಎಫ್. ಅದರ ಜೀನಿನ ಎರಡು ಪ್ರತಿಗಳಲ್ಲಿ ಒಂದು ಹೋದರೂ ಭ್ರೂಣ ಗರ್ಭದಲ್ಲೇ ಸಾಯುತ್ತದೆ ಅಂತ 1996ರಲ್ಲೇ ಗೊತ್ತಾಗಿದೆ.

ರಕ್ತನಾಳದ ಕೋಶಗಳು ಹಸಿರಾಗಿ ಹೊಳೆಯುವ ತಳಿ ತೆಗೆದುಕೊಂಡೆ. ಮೊಟ್ಟೆಗಳನ್ನು 28.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟೆ. ಬಿಸಿ ಸ್ವಲ್ಪ ಇಳಿದರೂ ಬೆಳವಣಿಗೆ ನಿಧಾನವಾಗುತ್ತದೆ, ಹಾಗಾಗಿ ನಾನು ಗಡಿಯಾರ ನಂಬುವುದಿಲ್ಲ, ಬೆನ್ನುದ್ದಕ್ಕೂ ಸಾಲಾಗಿ ಮೂಡುವ ಅಂಗಾಂಶದ ತುಂಡುಗಳನ್ನು, ಅಂದರೆ ಸೋಮೈಟ್‌ಗಳನ್ನು ಎಣಿಸಿಯೇ ವಯಸ್ಸು ಹೇಳುತ್ತೇನೆ. ಆಮೇಲೆ ಚೂಪು ಚಿಮುಟದಿಂದ ಹೊರಪೊರೆ ಬಿಡಿಸಿ, ಒಂದು ಗುಂಪಿಗೆ ವಿಇಜಿಎಫ್ ಗ್ರಾಹಕವನ್ನು (ಕೋಶ ಆ ಸಿಗ್ನಲ್ ಹಿಡಿಯುವ ಪ್ರೋಟೀನನ್ನು) ತಡೆಯುವ ಮದ್ದು, ಇನ್ನೊಂದಕ್ಕೆ ಮದ್ದಿಲ್ಲದೆ, ಅದನ್ನು ಕರಗಿಸಲು ಬಳಸುವ ಡಿಎಂಎಸ್‌ಒ ದ್ರಾವಕ ಮಾತ್ರ.

18 ಗಂಟೆಗೆ ಮದ್ದು ಹಾಕಿದ ಭ್ರೂಣದಲ್ಲಿ ಮುಖ್ಯ ಧಮನಿ ಇತ್ತು, ಆದರೆ ಅದರಿಂದ ಮೇಲಕ್ಕೆ ಒಂದು ಕವಲೂ ಹೊರಟಿರಲಿಲ್ಲ. ಅದೇ ಮದ್ದನ್ನು 36 ಗಂಟೆಗೆ ಹಾಕಿದಾಗ ಆಗಲೇ ಬೆಳೆದಿದ್ದ ಕವಲುಗಳು ಹಾಗೇ ಉಳಿದವು. ಮದ್ದು ಒಂದೇ, ಹೊತ್ತು ಬೇರೆ, ಅಷ್ಟೇ.

ಮದ್ದಿಲ್ಲದ ಭ್ರೂಣ ನೋಡಬೇಕು ನೀವು! ತುದಿಯ ಕೋಶ ಸಣ್ಣ ಸಣ್ಣ ಎಳೆ ಚಾಚುತ್ತದೆ, ಒಂದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಮತ್ತೆ ಚಾಚುತ್ತದೆ, ಹಾಗೇ ಸೋಮೈಟ್‌ಗಳ ನಡುವಿನ ಸಂದಿಯಲ್ಲಿ ಮೇಲೇರುತ್ತದೆ. ಹಿಂದಿನ ಕೋಶಗಳು ಸುಮ್ನೆ ಅದರ ಬೆನ್ನಿಗೆ ಬರುತ್ತವೆ. ಅವುಗಳನ್ನು ಹಿಂದೆ ಹಿಡಿದಿಡುವುದು ನಾಚ್ ಅನ್ನುವ, ಪಕ್ಕಪಕ್ಕದ ಕೋಶಗಳ ನಡುವಿನ ಸಿಗ್ನಲ್. ಅದನ್ನು ತಡೆದರೆ ಎಲ್ಲವೂ ಮುಂದೆ ನುಗ್ಗುತ್ತವೆ, ಕವಲು ಬೇಕಾದ್ದಕ್ಕಿಂತ ಜಾಸ್ತಿಯಾಗುತ್ತದೆ.

ಹೃದಯದ ಕಥೆಯೂ ಹೀಗೇ. ಅದರ ಕೋಶಗಳು ಮೈಯ ಎರಡೂ ಬದಿಯಿಂದ ನಡುವಿಗೆ ಬಂದು ಸೇರಬೇಕು. ಸ್ಫಿಂಗೋಸಿನ್-1-ಫಾಸ್ಫೇಟ್ ಅನ್ನುವ ಕೊಬ್ಬಿನ ಜಾತಿಯ ಅಣುವಿನ ಸಿಗ್ನಲ್ ಸಿಗದಿದ್ದರೆ ಸೇರುವುದೇ ಇಲ್ಲ, ಎರಡು ಪುಟ್ಟ ಹೃದಯಗಳಾಗಿ ಬೇರೆ ಬೇರೆ ಬಡಿಯುತ್ತವೆ.

ಹೊಸಬರು ಕವಲು ಕಾಣದ ತಕ್ಷಣ ಹೃದಯ ದುರ್ಬಲ ಇರಬೇಕು ಅಂತ ಅನುಮಾನಪಡುತ್ತಾರೆ. ಈ ಕವಲುಗಳು ರಕ್ತ ಹರಿಯುವ ಮೊದಲೇ ಹೊರಡುತ್ತವೆ ಅಲ್ವಾ, ಹಾಗಾಗಿ ಕಾರಣ ಅದಲ್ಲ. ಆದರೂ ನಾನು ಪ್ರತಿ ಸಲ ಬಡಿತ ನೋಡಿ ಬರೆದಿಡುತ್ತೇನೆ, ಮದ್ದು ಜಾಸ್ತಿಯಾದರೆ ಮೊದಲು ಗೊತ್ತಾಗುವುದು ಅಲ್ಲೇ.