‘ಪುಟ್ ಆಫ್’ ಅಂದ್ರೆ ಕ್ಯಾನ್ಸಲ್ ಅಲ್ಲ
ದಾವಣಗೆರೆಯಲ್ಲಿ ಕೆಲಸ ಹುಡುಕುತ್ತಿರುವವರೇ, ಇದೊಂದು ನೆನಪಿರಲಿ. ‘ಪುಟ್ ಆಫ್’ ಅಂದ್ರೆ ಮುಂದಕ್ಕೆ ಹಾಕುವುದು, ‘ಕಾಲ್ ಆಫ್’ ಅಂದ್ರೆ ರದ್ದು ಮಾಡುವುದು. ಇಂಟರ್‌ವ್ಯೂ ‘ಪುಟ್ ಆಫ್’ ಆಗಿದೆ ಅಂತ ಬೆಂಗಳೂರಿನ ಒಂದು ಕಂಪನಿಯಿಂದ ಮೆಸೇಜ್ ಬಂದಾಗ, ನಾನು ಕ್ಯಾನ್ಸಲ್ ಆಯ್ತು ಅಂದುಕೊಂಡು ಸುಮ್ನೆ ಬೆಣ್ಣೆ ದೋಸೆ ತಿಂದುಕೊಂಡು ಇದ್ದೆ, ಹೊಸ ತಾರೀಕು ಬಂದು ಹೋಗಿದ್ದೂ ಗೊತ್ತಾಗಲಿಲ್ಲ!

ಇನ್ನೊಂದು ವಿಷಯ, ಇದರಲ್ಲೇ ಜಾಸ್ತಿ ಜನ ಎಡವುತ್ತಾರೆ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ಆದರೆ ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ಅನ್ನಬೇಡಿ. ಮುಂದೆ ಕ್ರಿಯಾಪದ ಬಂದರೆ ‘ಪುಟ್ ಆಫ್ ಗೋಯಿಂಗ್’, ‘ಟು ಗೋ’ ಅಲ್ಲ. ‘ಪುಟ್ ಆಫ್ ದ ಲೈಟ್’ ಅಂತ ಶಾಲೆಯಲ್ಲಿ ಕೇಳಿರ್ತೀರಿ ಅಲ್ವಾ, ಅಲ್ಲಿ ಅರ್ಥವೇ ಬೇರೆ, ದೀಪ ಆರಿಸು ಅಂತ.