ಮರಕ್ಕೊಂದು ಕಿವಿ: ಹಕ್ಕಿ ಸಮೀಕ್ಷೆಗೆ ರೆಕಾರ್ಡರ್ ಕಟ್ಟುವುದು ಹೇಗೆ?

ಪಶ್ಚಿಮಘಟ್ಟದ ದಟ್ಟ ಕಾಡಿನಲ್ಲಿ ದುರ್ಬೀನು ಹಿಡಿದು ನಿಂತರೆ ಕಾಣುವುದು ಎಲೆಯೇ ಹೆಚ್ಚು. ಕುಟ್ರುಹಕ್ಕಿ ಬೆಳಗ್ಗೆಯಿಡೀ ಕೂಗುತ್ತದೆ, ಕಣ್ಣಿಗೆ ಬೀಳುವುದು ಅಪರೂಪ. ಇಂಥ ಕಡೆ ಮರಕ್ಕೆ ಕಟ್ಟುವ ಪುಟ್ಟ ರೆಕಾರ್ಡರ್ ಉಪಯೋಗಕ್ಕೆ ಬರುತ್ತದೆ. ಕಟ್ಟುವುದು ಅರ್ಧ ದಿನದ ಕೆಲಸ, ಕೇಳುವುದು ತಿಂಗಳುಗಟ್ಟಲೆ. ಎಷ್ಟು ಕೇಳಲಾದೀತು ಎಂದು ಮೊದಲೇ ಲೆಕ್ಕ ಹಾಕಿ, ಅಷ್ಟೇ ರೆಕಾರ್ಡ್ ಮಾಡಿ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅಧ್ಯಯನಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಪೆಟ್ಟಿಗೆಯ ಮೇಲೆ ಅದೇನು, ಯಾರದು ಎಂದು ಕನ್ನಡದಲ್ಲಿ ಬರೆದು ಫೋನ್ ನಂಬರ್ ಸಮೇತ ಅಂಟಿಸಿ. ಇಲ್ಲವಾದರೆ ಗಸ್ತಿನವರು ಬಿಚ್ಚಿಕೊಂಡು ಹೋದಾರು, ತಪ್ಪು ಅವರದಲ್ಲ.

ಇಲ್ಲಿ ಆಡಿಯೋಮಾತ್ ಎಂಬ ರೆಕಾರ್ಡರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೂರು ಎಎ ಸೆಲ್, ಒಂದು ಮೈಕ್ರೋ ಎಸ್‌ಡಿ ಕಾರ್ಡ್ ಇದ್ದರೆ ಸಾಕು. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯಬೇಕೆಂಬ ದರ) 48 ಕಿಲೋಹರ್ಟ್ಸ್, ಗೇನ್ (ಸದ್ದನ್ನು ಹಿಗ್ಗಿಸುವ ಪ್ರಮಾಣ) ಮಧ್ಯಮಕ್ಕಿಡಿ. ಈ ದರದಲ್ಲಿ ಒಂದು ನಿಮಿಷದ ಫೈಲ್ ಸುಮಾರು 5.8 ಎಂಬಿ ತೂಗುತ್ತದೆ. ಬೆಳಗ್ಗೆ 5.30ರಿಂದ 9, ಸಂಜೆ 4.30ರಿಂದ 6.30, ಗೂಬೆ ಮತ್ತು ಕಪ್ಪೆಬಾಯಿ ಹಕ್ಕಿಗಾಗಿ ರಾತ್ರಿ 7ರಿಂದ 9. ಈ ಅವಧಿಗಳಲ್ಲಿ ಪ್ರತಿ ಐದು ನಿಮಿಷಕ್ಕೆ ಒಂದು ನಿಮಿಷ ಎಂದಿಟ್ಟರೆ ದಿನಕ್ಕೆ 90 ನಿಮಿಷ, ಅಂದರೆ ಸುಮಾರು 520 ಎಂಬಿ. ಒಂದೇ ಸಮ 90 ನಿಮಿಷ ರೆಕಾರ್ಡ್ ಮಾಡುವುದಕ್ಕಿಂತ ಹೀಗೆ ಹಂಚಿದರೆ ಹೆಚ್ಚು ಜಾತಿಗಳು ಸಿಗುತ್ತವೆ. 64 ಜಿಬಿ ಕಾರ್ಡ್ ನಾಲ್ಕು ತಿಂಗಳು ಬಂದೀತು. ಸೆಲ್ ಅಷ್ಟು ದಿನ ಬರುತ್ತದೆಯೇ ಎಂಬುದನ್ನು ರೆಕಾರ್ಡರನ್ನು ಹೊಂದಿಸುವ ಕಾನ್ಫಿಗರೇಷನ್ ಆ್ಯಪ್ ತೋರಿಸುವ ದಿನದ ವಿದ್ಯುತ್ ಅಂದಾಜಿನಿಂದ ಲೆಕ್ಕ ಹಾಕಿ.

ಹೆಚ್ಚಿನವರು ಎಡವುವುದು ಗಡಿಯಾರದಲ್ಲಿ. ಸೆಲ್ ತೆಗೆದರೆ ಸಮಯ ಅಳಿಸಿಹೋಗುತ್ತದೆ. ಕಾಡಿನಲ್ಲಿ ಹೊಸ ಸೆಲ್ ಹಾಕಿ, ಸ್ವಿಚ್ಚನ್ನು ‘ಕಸ್ಟಮ್’ಗೆ (ವೇಳಾಪಟ್ಟಿಯಂತೆ ರೆಕಾರ್ಡ್ ಮಾಡುವ ಸ್ಥಾನ) ತಳ್ಳಿ ಬಂದುಬಿಟ್ಟರೆ ಪೆಟ್ಟಿಗೆ ಸುಮ್ಮನೆ ನೇತಾಡುತ್ತಿರುತ್ತದೆ, ಕಾರ್ಡ್ ಖಾಲಿ. ಲ್ಯಾಪ್‌ಟಾಪ್‌ನಿಂದಲೋ, ಶಬ್ದದ ಮೂಲಕ ಸಮಯ ಹೊಂದಿಸುವ ಅದರ ಮೊಬೈಲ್ ಆ್ಯಪ್‌ನಿಂದಲೋ ಮತ್ತೆ ಹೊಂದಿಸಿ. ವೇಳಾಪಟ್ಟಿ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಇದೆಯೇ ನಮ್ಮ ಸಮಯದಲ್ಲಿದೆಯೇ ಎಂದೂ ನೋಡಿ. ಯುಟಿಸಿಯ 00.00 ಎಂದರೆ ನಮಗೆ ಬೆಳಗ್ಗೆ 5.30. ಇದು ಅದಲುಬದಲಾದರೆ ಮುಂಜಾವಿನ ಹಾಡಿನ ಬದಲು ನಡು ಹೊತ್ತಿನ ಜೀರುಂಡೆ ಕೇಳಬೇಕಾದೀತು.

ಕಟ್ಟುವಾಗ ತೆಳು ಕಾಂಡದ ಮರ ಹುಡುಕಿ. ದಪ್ಪ ಕಾಂಡ ಹಿಂದಿನ ಸದ್ದನ್ನು ತಡೆಯುತ್ತದೆ. ಎತ್ತರ ಒಂದೂವರೆಯಿಂದ ಎರಡು ಮೀಟರ್. ಮೈಕ್ ಮುಂದೆ ಅಲ್ಲಾಡುವ ಎಲೆ ಇರಬಾರದು, ಗಾಳಿ ಬಂದಾಗ ಅದರ ಸರಸರವೇ ತುಂಬಿಕೊಳ್ಳುತ್ತದೆ. ಹಳ್ಳದ ದಡ ಬೇಡ. ಒಂದೇ ಹಕ್ಕಿ ಎರಡು ಕಡೆ ದಾಖಲಾಗದಿರಲು ರೆಕಾರ್ಡರ್‌ಗಳ ನಡುವೆ ಕನಿಷ್ಠ 250 ಮೀಟರ್ ಬಿಡಿ. ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮಳೆಗೆ ಹೆದರಿ ಮೈಕಿನ ತೂತಿಗೆ ಟೇಪ್ ಅಂಟಿಸಿದರೆ ಎತ್ತರದ ಸ್ವರಗಳು ಮಂಕಾಗುತ್ತವೆ. ಹೊರಡುವ ಮುನ್ನ ಮೈಕಿನೆದುರು ಜಾಗದ ಹೆಸರು, ದಿನಾಂಕ, ಸಮಯ ಹೇಳಿ ಒಂದು ಫೈಲ್ ಮಾಡಿಡಿ. ಕಾರ್ಡ್‌ಗಳು ಬೆರೆತರೆ ಇದೇ ಕಾಪಾಡುವುದು.

ಫೈಲ್‌ಗಳನ್ನು ಮೊದಲು ಎರಡು ಕಡೆ ನಕಲು ಮಾಡಿ, ಆಮೇಲೆ ಹಕ್ಕಿಯ ದನಿ ಗುರುತಿಸುವ ತಂತ್ರಾಂಶವಾದ ಬರ್ಡ್‌ನೆಟ್‌ಗೆ ಕೊಡಿ. ಅದು ಧ್ವನಿಯನ್ನು ಮೂರು ಮೂರು ಸೆಕೆಂಡಿನ ತುಣುಕು ಮಾಡಿ, ಪ್ರತಿ ತುಣುಕಿಗೂ ಹಕ್ಕಿಯ ಹೆಸರು ಮತ್ತು 0ಯಿಂದ 1ರವರೆಗಿನ ಅಂಕ ಕೊಡುತ್ತದೆ. 0.8 ಬಂತೆಂದರೆ ನೂರಕ್ಕೆ ಎಂಬತ್ತು ಸರಿ ಎಂದರ್ಥವಲ್ಲ. ಒಂದು ಹಕ್ಕಿಗೆ 0.4 ಕೂಡ ನಂಬಬಹುದು, ಇನ್ನೊಂದಕ್ಕೆ 0.9 ಕೂಡ ಸುಳ್ಳಾಗಬಹುದು. ಆದ್ದರಿಂದ ಪ್ರತಿ ಜಾತಿಯಲ್ಲೂ ಕಡಿಮೆ, ಮಧ್ಯಮ, ಹೆಚ್ಚು ಅಂಕದ ಐವತ್ತು ತುಣುಕುಗಳನ್ನು ಆರಿಸಿ, ಸ್ಪೆಕ್ಟ್ರೋಗ್ರಾಮ್ (ಸದ್ದಿನ ಏರಿಳಿತ ತೋರಿಸುವ ಚಿತ್ರ) ನೋಡುತ್ತ ಕೇಳಿ. ಎಲ್ಲಿಂದ ಮೇಲೆ ನಂಬಬಹುದೆಂದು ಜಾತಿವಾರು ಗೆರೆ ಎಳೆಯಿರಿ.

ಭೀಮರಾಜನ ವಿಷಯದಲ್ಲಿ ಇನ್ನಷ್ಟು ಹುಷಾರು. ಬೇರೆ ಹಕ್ಕಿಗಳ ಕೂಗನ್ನು ಅಣಕಿಸುವುದರಲ್ಲಿ ಅದು ಪಳಗಿದ ಕೈ. ಅಪರೂಪದ ಗಿಡುಗವೊಂದರ ಕೂಗು ಸಿಕ್ಕರೆ ಹಿಗ್ಗುವ ಮೊದಲು ಹಿಂದುಮುಂದಿನ ಇಡೀ ನಿಮಿಷ ಕೇಳಿ. ಅದೇ ಉಸಿರಿನಲ್ಲಿ ಇನ್ನೆರಡು ಹಕ್ಕಿಗಳ ದನಿಯೂ ಬಂದರೆ ಅದು ಭೀಮರಾಜನದೇ ಇರಬೇಕು.

ಕೂಗಿನ ಸಂಖ್ಯೆಯನ್ನು ಹಕ್ಕಿಗಳ ಸಂಖ್ಯೆ ಎಂದು ಬರೆಯಬೇಡಿ: ಒಂದೇ ಕುಟ್ರು ಗಂಟೆಗೆ ನೂರಾರು ಸಲ ಕೂಗೀತು. ಎಷ್ಟು ಜಾಗಗಳಲ್ಲಿ, ಎಷ್ಟು ದಿನ ಕೇಳಿಸಿತು ಎಂದು ದಾಖಲಿಸಿ. ಕೇಳಿಸದ ಜಾಗದ ಮುಂದೆ ‘ಇಲ್ಲ’ ಎನ್ನುವ ಬದಲು ‘ಕೇಳಿಸಲಿಲ್ಲ’ ಎಂದೇ ಬರೆಯಿರಿ.